ಸಣ್ಣ ಕಂಪ್ಯೂಟರಿನ ದೊಡ್ಡಸ್ತಿಕೆ

ನಮ್ಮ ಜನ ಯಾವುದೇ ವಸ್ತುವಿನ ಯೋಗ್ಯತೆಯನ್ನು ಅದನ್ನು ಹೊರುವಾಗ ಬರುವ ಸೊಂಟನೋವಿನಿಂದ ಅಳೆಯುತ್ತಾರೆ. ತಿಜೋರಿಯಾದರೆ ನಾಲ್ಕು ಜನ ಎತ್ತಬೇಕು, ಟೀವಿಯಾದರೆ ಬಾಗಿಲಲ್ಲಿ ಸಿಕ್ಕಿಬೀಳಬೇಕು. ಬೈಲಹೊಂಗಲದ ಮನೆಗಳಿಗೆ ಕಂಪ್ಯೂಟರು ಕಾಲಿಡತೊಡಗಿದ ಆ ವರ್ಷಗಳಲ್ಲಂತೂ, ಜೋಳದ ಚೀಲದಷ್ಟು ಎತ್ತರದ ಕ್ಯಾಬಿನೆಟ್ಟು ತಂದವನೇ ಮಹಾ ಬುದ್ಧಿವಂತ. ಅದರೊಳಗೆ ಮುಕ್ಕಾಲು ಪಾಲು ಬರೀ ಗಾಳಿ ಎಂದು ನಾನು ತಿಳಿಸಿ ಹೇಳಿದರೆ, ಹೊಟ್ಟೆಕಿಚ್ಚಿಗೆ ಮದ್ದಿಲ್ಲವೆಂಬಂತೆ ನನ್ನ ಮುಖ ನೋಡುತ್ತಿದ್ದರು.

ಈ ಗಾಳಿ ಮಾಲಕರಲ್ಲಿ ಅಗ್ರಗಣ್ಯ ನನ್ನ ಹೆಂಡತಿಯ ತಮ್ಮ ಮಲ್ಲೇಶಿ. ಎಂ.ಕೆ. ಹುಬ್ಬಳ್ಳಿಯಲ್ಲಿ ಕಬ್ಬು ಸಾಗಿಸುವ ಟ್ರ್ಯಾಕ್ಟರು ಇಟ್ಟವನು. ಅವನ ಕ್ಯಾಬಿನೆಟ್ಟಿನ ಹೊಟ್ಟೆಯಲ್ಲಿ ನೀಲಿ ದೀಪ ಬೇರೆ ಉರಿಯುತ್ತಿತ್ತು. ಕದ್ದು ನಕಲು ಮಾಡಿದ ಸೀಡಿಯಿಂದ ಹಾಕಿಸಿದ ಕಾರ್ ರೇಸಿನ ಆಟ ಹಚ್ಚಿ, ಬೀಗರೆಲ್ಲ ಕುಳಿತಿರುವಾಗಲೇ, "ಮಾವಾರ, ಗಣಿತದ ಮಾಸ್ತರಾಗಿ ನೀವು ಇನ್ನೂ ಒಂದು ತೊಗೊಂಡಿಲ್ಲಲ್ರಿ?" ಎಂದು ಕೇಳಿಬಿಟ್ಟ. ನನಗೆ ಮೈಯೆಲ್ಲ ಉರಿಯಿತು. ನಮ್ಮ ಪಡಸಾಲೆಯ ಗೋಡೆಯಲ್ಲಿರುವ ಮಾಡದೊಳಗೆ ಕೂರುವಷ್ಟು ಪುಟ್ಟದು, ವಿಂಡೋಸಿನ ಬದಲು ಪುಕ್ಕಟೆ ಸಿಗುವ, ಯಾರಿಂದಲೂ ಕದಿಯಬೇಕಿಲ್ಲದ ಲಿನಕ್ಸ್, ಅದರ ಮೇಲೆ ಆಟ: ಇಂಥದೊಂದನ್ನು ಕಟ್ಟಿ, ಅವನ ಬಾಯಿಂದಲೇ "ಭೇಷ್" ಅನ್ನಿಸದಿದ್ದರೆ ನಾನು ಮಾಸ್ತರಿಕೆ ಮಾಡಿ ಏನು ಬಂತು?

ಮಾಡದ ಅಳತೆ ಹಿಡಿದುಕೊಂಡು ಬೆಳಗಾವಿಗೆ ಹೋದೆ. ಅಂಗಡಿಯವನು ನಕ್ಕ. "ಸರ, ಇಷ್ಟ ಸಣ್ಣದ್ರಾಗ ಆಟಕ್ಕ ಬೇಕಾದ ಗ್ರಾಫಿಕ್ಸ್ ಕಾರ್ಡ್ ಹಿಡಿಯಂಗಿಲ್ರಿ. ದೊಡ್ಡ ಕ್ಯಾಬಿನೆಟ್ ಒಯ್ರಿ, ಮುಂದ ಉಪಯೋಗಕ್ಕ ಬರತೈತಿ. ಮತ್ತ ಈ ಲಿನಕ್ಸ್ ಯಾವ ಕಂಪನೀದ್ರಿ?" ಅವನ ಅಜ್ಞಾನಕ್ಕೆ ಮರುಕಪಟ್ಟು ಬೇರೆ ಅಂಗಡಿ ಹತ್ತಿದೆ. ಮಾಡದ ಅಳತೆಯ ಡಬ್ಬಿಯಲ್ಲಿ ಹಿಡಿಯುವ ಕಾರ್ಡನ್ನು ಲಿನಕ್ಸ್ ಗುರುತಿಸುತ್ತಿರಲಿಲ್ಲ, ಲಿನಕ್ಸ್ ಗುರುತಿಸುವ ಕಾರ್ಡು ಡಬ್ಬಿಯಿಂದ ಹೊರಗೆ ಇಣುಕುತ್ತಿತ್ತು. ಎರಡಕ್ಕೂ ಒಪ್ಪುವ ಗಿಡ್ಡ ಕಾರ್ಡು, ಅದಕ್ಕೆ ಸರಿಯಾದ ಗಿಡ್ಡ ಮದರ್‌ಬೋರ್ಡು, ಡಬ್ಬಿಯ ಮುಚ್ಚಳಕ್ಕೆ ತಾಗದ ಫ್ಯಾನು ಹುಡುಕುವಷ್ಟರಲ್ಲಿ ನನ್ನ ರಜೆಗಳೆಲ್ಲ ಮುಗಿದವು. "ನಮ್ಮ ಲಗ್ನಕ್ಕ ಇಷ್ಟು ವಿಚಾರ ಮಾಡಿದ್ರೇನ್ರೀ?" ಎಂದು ಹೆಂಡತಿ ಕೇಳಿದಳು. ಉತ್ತರ ಅಪಾಯಕಾರಿಯಾದ್ದರಿಂದ ಸ್ಕ್ರೂ ತಿರುಗಿಸುತ್ತ ಕುಳಿತೆ.

ನಾಗರ ಪಂಚಮಿಗೆ ಅಕ್ಕನನ್ನು ತವರಿಗೆ ಕರೆಯಲು ಮಲ್ಲೇಶಿ ಬಂದ. ಅವನನ್ನು ಬೇಕೆಂದೇ, ಹೊಸ ಕಂಪ್ಯೂಟರು ಕಟ್ಟಿ ಇಟ್ಟಿದ್ದ ಮಾಡದ ಎದುರಿಗೆ ಕೂರಿಸಿದೆ. ಹಬ್ಬದ ಸಿಹಿ ಉಂಡಿ ಮುರಿಯುತ್ತ ಅತ್ತ ನೋಡಿದ.

"ಸ್ಟೆಬಿಲೈಜರ್ ಛಲೋ ತಂದೀರಿ, ಮಾವಾರ. ಕಂಪ್ಯೂಟರ್ ಯಾವಾಗ ಬರತೈತ್ರಿ?"

ನಾನು ಗುಂಡಿ ಒತ್ತಿದೆ. ಪಕ್ಕದ ಪರದೆಯ ಮೇಲೆ ಪೆಂಗ್ವಿನ್ ಹಕ್ಕಿಯೊಂದು ಹಿಮದ ಗುಡ್ಡದಿಂದ ಜಾರತೊಡಗಿತು. ಲಿನಕ್ಸಿನಲ್ಲಿ ತಂಟೆಯಿಲ್ಲದೆ ಓಡುತ್ತಿದ್ದುದು ಅದೊಂದೇ ಆಟ, ಆ ಮಾತು ಬೇರೆ. "ಈ ಬಾತುಕೋಳಿ ಸ್ಟೆಬಿಲೈಜರ್‌ನಾಗ ಹೆಂಗ ಬಂತ್ರೀ?" ಎಂದ. ಕುಚೋದ್ಯಕ್ಕೆ ಕೇಳಿದ್ದರೆ ಸಹಿಸುತ್ತಿದ್ದೆ. ಅವನು ನಿಜವಾಗಿ ಕೇಳಿದ್ದ. ಕಾರ್ಡು, ಫ್ಯಾನು, ಲಿನಕ್ಸು ಎಲ್ಲವನ್ನೂ ಗಂಟಲು ಒಣಗುವವರೆಗೆ ವಿವರಿಸಿದೆ. ಕೊನೆಯ ಉಂಡಿ ಮುಗಿಸಿ ಅವನು ಕನಿಕರದಿಂದ ಹೇಳಿದ: "ಅಲ್ರೀ, ಇಷ್ಟೆಲ್ಲಾ ಮಾಡಿ ಡಬ್ಬೀಗೆ ಯಾಕ ಜಿಪುಣತನ ಮಾಡಿದ್ರಿ?"

ಅವನು ಅಕ್ಕನನ್ನು ಕರೆದುಕೊಂಡು ಹೋದ ಮೇಲೆ ನಾನು ಮತ್ತೆ ಬೆಳಗಾವಿಯ ಅದೇ ಮೊದಲ ಅಂಗಡಿಗೆ ಹೋಗಿ, ಇದ್ದುದರಲ್ಲೇ ದೊಡ್ಡ ಕ್ಯಾಬಿನೆಟ್ಟನ್ನು ನೀಲಿ ದೀಪದ ಸಮೇತ ಕೊಂಡೆ. "ಒಳಗ ಏನೇನ್ ಹಾಕೂನ್ರಿ, ಸರ?" ಎಂದ ಅಂಗಡಿಯವನು. "ಏನೂ ಬ್ಯಾಡ" ಎಂದೆ. ಮನೆಗೆ ತಂದು ನನ್ನ ಪುಟ್ಟ ಕಂಪ್ಯೂಟರನ್ನು ಇಡಿಯಾಗಿ ಅದರ ಹೊಟ್ಟೆಯೊಳಗೆ ಇಟ್ಟು ಮುಚ್ಚಿದೆ. ಖಾಲಿಯಾದ ಮಾಡದಲ್ಲಿ ಈಗ ನಿಜವಾದ ಸ್ಟೆಬಿಲೈಸರ್ ಕುಳಿತಿದೆ.

ದೀಪಾವಳಿಗೆ ಬಂದ ಮಲ್ಲೇಶಿ ಕ್ಯಾಬಿನೆಟ್ಟಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಒಂದು ಮಗ್ಗುಲು ಎತ್ತಿ ನೋಡಿ, "ಭೇಷ್ ಮಾವಾರ! ಭಾಳ ವಜ್ಜಾ ಐತಿ. ಈಗ ಕಂಪ್ಯೂಟರ್ ಅನಿಸ್ತು ನೋಡ್ರಿ" ಎಂದ. ಒಳಗೆ ಬೆಚ್ಚಗಿರುವುದರಿಂದ ಮೆತ್ತಗಾಗುವುದಿಲ್ಲವೆಂದು ಹೆಂಡತಿ ಉಳಿದ ಜಾಗದ ತುಂಬ ಹಪ್ಪಳದ ಡಬ್ಬಿಗಳನ್ನು ಜೋಡಿಸಿದ್ದಳು. ಮಲ್ಲೇಶಿಯ ಕ್ಯಾಬಿನೆಟ್ಟಿನಲ್ಲಿ ಮುಕ್ಕಾಲು ಪಾಲು ಗಾಳಿ ಎಂದು ನಾನು ಈಗಲೂ ಎಲ್ಲರೆದುರು ಹೀಯಾಳಿಸುತ್ತೇನೆ. ನನ್ನದರಲ್ಲಿ ಮುಕ್ಕಾಲು ಪಾಲು ಹಪ್ಪಳ.