ಒಂದು ‘ಶಲ್’ ತಂದ ಫಜೀತಿ

ದಾವಣಗೆರೆಯಲ್ಲಿ ಯಾರಿಗೂ ಭವಿಷ್ಯತ್ಕಾಲವಿಲ್ಲ ಎಂಬುದು ಶಿವಯೋಗಪ್ಪ ಮಾಸ್ತರರ ಬಹುಕಾಲದ ಕೊರಗು. ಊರಿಗೆ ಭವಿಷ್ಯವಿಲ್ಲ ಎಂದಲ್ಲ. ಊರು ಪಕ್ಕದ ಹಳ್ಳಿ ಆವರಗೆರೆಯನ್ನೂ ನುಂಗಿಕೊಂಡು ಮುಂದೆ ಹೊರಟಿದೆ. ಇಲ್ಲದಿರುವುದು ವ್ಯಾಕರಣದ ಭವಿಷ್ಯ. ಗೀಸರ್ ರಿಪೇರಿಯ ತಿಮ್ಮೇಶನಿಗೆ ಬೆಳಿಗ್ಗೆ ಫೋನ್ ಮಾಡಿದರೆ “ಬಂದೆ ಸಾರ್” ಎನ್ನುತ್ತಾನೆ. ಬಂದೆ ಎಂದರೆ ಭೂತಕಾಲ. ಮಾಸ್ತರರು ನಂಬಿ ಬಾಗಿಲು ತೆರೆಯುತ್ತಾರೆ. ಹೊಸ್ತಿಲಲ್ಲಿ ಬೆಕ್ಕು ಕೂತಿರುತ್ತದೆ. ಮಧ್ಯಾಹ್ನ ಮಾಡಿದರೆ “ಬಂದೇಬಿಟ್ಟೆ ಸಾರ್.” ಸಂಜೆ ಮಾಡಿದರೆ “ಆಯ್ತು ಅನ್ಕಳ್ರಿ.” ಏನು ಆಯಿತು? ಮಾಸ್ತರರ ತಣ್ಣೀರು ಸ್ನಾನ ಆಯಿತು.

ಹೈಸ್ಕೂಲಿನಲ್ಲಿ ಮೂವತ್ತು ಚಿಲ್ಲರೆ ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತರಾದವರು ಅವರು. ನೊಂದು ಬೆಂದು ಕೊನೆಗೊಂದು ಸೂತ್ರ ಕಟ್ಟಿದರು. ನಮ್ಮ ಕಡೆಯವನು ಭೂತಕಾಲದಲ್ಲಿ ಹೇಳಿದರೆ ಆ ಕೆಲಸ ಮುಂದೆಂದಾದರೂ ಆಗುವ ಸಂಭವವುಂಟು. “ನಾಳೆ ಬರ್ತೀನಿ” ಎಂದರೆ ಆಸೆ ಬಿಡಬೇಕು. “ನೋಡೋಣ” ಎಂದರೆ ಅವನು ನೋಡುವುದೂ ಇಲ್ಲ. ಈ ಮಹಾಸೂತ್ರವನ್ನು ಧರ್ಮಪತ್ನಿ ದ್ರಾಕ್ಷಾಯಣಮ್ಮನವರಿಗೆ ವಿವರಿಸಿದಾಗ, ಅವರು ಕಾಯಿ ತುರಿಯುವುದನ್ನು ನಿಲ್ಲಿಸದೆ, ಹರಿಹರದ ತವರಿಗೆ ಹೋಗಿಬರೋಣ ಎಂದು ತಾವು ಯುಗಾದಿಯಿಂದ ಕೇಳುತ್ತಿರುವುದಕ್ಕೆ ಯಾವ ಕಾಲದಲ್ಲಿ ಉತ್ತರ ಬಂದಿದೆ ಎಂದು ವಿಚಾರಿಸಿದರು. (“ನೋಡೋಣ” ಎಂದೇ ಬಂದಿತ್ತು. ಆ ದಿನದ ವ್ಯಾಕರಣ ಚರ್ಚೆ ಅಲ್ಲಿಗೇ ಮುಗಿಯಿತು.)

ಹೀಗಿರುವಾಗ ಒಂದು ಭಾನುವಾರ ದ್ರಾಕ್ಷಾಯಣಮ್ಮನವರ ತಮ್ಮ ಮಹಾಂತೇಶ ಹರಿಹರದಿಂದ ಮುಖ ಇಳಿಬಿಟ್ಟುಕೊಂಡು ಬಂದ. ಅವನದು ಅಲ್ಲಿ ಚಿಕ್ಕದೊಂದು ವರ್ಕ್‌ಶಾಪು. ಯಂತ್ರಗಳಿಗೆ ಹಾಕುವ ಹಿತ್ತಾಳೆ ಬಳೆಗಳನ್ನು, ಅಂದರೆ ಬುಷ್‌ಗಳನ್ನು, ಲೇತ್ ಯಂತ್ರದಲ್ಲಿ ಕಡೆದು ಪುಣೆಯ ಒಂದು ಕಂಪನಿಗೆ ಕಳಿಸುತ್ತಾನೆ. ಅವನ ಮನೆಯೂ ಕೆಲಸಗಾರರ ಮನೆಯೂ ನಡೆಯುವುದು ಆ ಒಂದೇ ಕಂಪನಿಯಿಂದ. ಪ್ರತಿ ಶುಕ್ರವಾರ ಅಲ್ಲಿಂದ ಸುಮೈರಾ ಎಂಬ ಮೇಡಂ ಫೋನ್ ಮಾಡಿ, ಮಾಲು ಯಾವಾಗ ಎಂದು ಇಂಗ್ಲಿಷಿನಲ್ಲಿ ಕೇಳುತ್ತಾಳೆ. (ಹಿಂದಿಯಲ್ಲಿ ಮಾತಾಡಬಾರದೇ ಎಂದು ನೀವು ಕೇಳಬಹುದು. ಮಹಾಂತೇಶನ ಹಿಂದಿಯಲ್ಲಿ ಗಂಡಸರೆಲ್ಲ ಸ್ತ್ರೀಲಿಂಗ.) ಅವನು ಹರಿಹರದ ನಾಲಿಗೆಯನ್ನೇ ಇಂಗ್ಲಿಷಿಗೆ ತಿರುಗಿಸಿ, “ಫಿನಿಶ್ಡ್ ಮೇಡಂ, ಸೆಂಟ್ ಮೇಡಂ” ಎಂದಿದ್ದಾನೆ. ಅಂದರೆ ‘ಆಯ್ತು ಅನ್ಕಳ್ರಿ, ಕಳಿಸಿದೆ ಅನ್ಕಳ್ರಿ’ ಎಂದರ್ಥ. ಅವಳು ಹಾಗೆ ಅಂದುಕೊಳ್ಳದೆ, ಕಳಿಸಿದ್ದಾನೆಂದೇ ತಿಳಿದು ಗೇಟಿನಲ್ಲಿ ಆಳು ನಿಲ್ಲಿಸಿ ಕಾದಿದ್ದಾಳೆ. ಎರಡು ಸಲ ಹೀಗಾಯಿತು. ಇನ್ನೊಂದು ಸಲ ಸುಳ್ಳು ಹೇಳಿದರೆ ಆರ್ಡರ್ ಬೇರೆಯವರಿಗೆ ಎಂದುಬಿಟ್ಟಿದ್ದಾಳೆ.

“ನಾನೇನು ಸುಳ್ಳು ಹೇಳೀನಿ ಅಕ್ಕ? ಆಗೋ ಕೆಲ್ಸನ ಆತು ಅಂದೆ” ಎಂದು ಮಹಾಂತೇಶ ಕಣ್ಣೊರೆಸಿಕೊಂಡ.

ದ್ರಾಕ್ಷಾಯಣಮ್ಮ ಗಂಡನ ಕಡೆ ತಿರುಗಿದರು. “ಊರ ಹುಡುಗ್ರಿಗೆಲ್ಲ ಹೇಳಿಕೊಟ್ಟೀರಿ. ಶುಕ್ರವಾರದೊಳಗ ನನ್ನ ತಮ್ಮಗ ಆ ಭವಿಷ್ಯತ್ಕಾಲ ಒಂದು ಹೇಳಿಕೊಡ್ರಿ. ಅವನ ಆರ್ಡರ್ ಹೋತು ಅಂದ್ರ ಈ ಮನ್ಯಾಗ ನಿಮ್ಮ ಇಂಗ್ಲಿಷ್ ಸುದ್ದಿ ಎತ್ತಂಗಿಲ್ಲ.”

ನಿವೃತ್ತಿಯಾದ ಮೇಲೆ ಮಾಸ್ತರರನ್ನು ಯಾರಾದರೂ ಏನಾದರೂ ಹೇಳಿಕೊಡಿ ಎಂದು ಕೇಳಿದ್ದು ಅದೇ ಮೊದಲು. ಮರುದಿನವೇ ಪಡಸಾಲೆಯಲ್ಲಿ ಪಾಠ ಶುರುವಾಯಿತು. ಪಕ್ಕದ ಮನೆಯ ಕಮಲಕ್ಕ, ಮಾಸ್ತರರು ಭವಿಷ್ಯ ಹೇಳುತ್ತಿದ್ದಾರಂತೆ ಎಂದು ಕೇಳಿ ಮೊಮ್ಮಗಳ ಜಾತಕ ಹಿಡಿದು ಬಂದರು. ಅವರಿಗೆ ಚಹಾ ಕೊಟ್ಟು ಕಳಿಸುವಷ್ಟರಲ್ಲಿ ಅರ್ಧ ಗಂಟೆ ಹೋಯಿತು.

ಇಂಗ್ಲಿಷಿನಲ್ಲಿ ಭವಿಷ್ಯಕ್ಕೆ ನಾಲ್ಕು ದಾರಿ ಎಂದು ಮಾಸ್ತರರು ಬೆರಳು ಮಡಿಸಿದರು. ಈ ಗಳಿಗೆಯಲ್ಲಿ ಮನಸ್ಸಿಗೆ ಬಂದದ್ದಕ್ಕೆ ‘ವಿಲ್’: ಬಾಗಿಲು ಬಡಿದ ಸದ್ದಾಯಿತು, ನಾನು ತೆಗೀತೀನಿ. ಮೊದಲೇ ತೀರ್ಮಾನಿಸಿದ್ದಕ್ಕೆ, ಅಥವಾ ಕಣ್ಣೆದುರೇ ಲಕ್ಷಣ ಕಾಣುತ್ತಿದ್ದರೆ ‘ಗೋಯಿಂಗ್ ಟು’: ಒಲೆಯ ಮೇಲೆ ಹಾಲು ಕಂಠದವರೆಗೆ ಬಂದಿದೆ, ಇನ್ನೇನು ಉಕ್ಕುತ್ತದೆ. ಈ ಉದಾಹರಣೆ ಅವರಿಗೇ ಬಹಳ ಹಿಡಿಸಿ ಎರಡೆರಡು ಸಲ ಹೇಳಿದರು. ಹಿಡಿಸಿದ್ದಕ್ಕೆ ಕಾರಣ, ಹಾಲು ನಿಜವಾಗಿಯೂ ಒಲೆಯ ಮೇಲಿತ್ತು; ನೋಡಿಕೊಳ್ಳಿರೆಂದು ಹೇಳಿ ದ್ರಾಕ್ಷಾಯಣಮ್ಮ ಹಿತ್ತಲಿಗೆ ಹೋಗಿದ್ದರು. ‘ಇಟ್ ಈಸ್ ಗೋಯಿಂಗ್ ಟು’ ಎನ್ನುವಷ್ಟರಲ್ಲಿ ಅದು ‘ಇಟ್ ಹ್ಯಾಸ್’ ಆಗಿ ಕಟ್ಟೆಯಿಂದ ನೆಲಕ್ಕೆ ಹರಿಯಿತು. ಮುಂದಿನ ಪಾಠವನ್ನು ಮಾಸ್ತರರು ನೆಲ ಒರೆಸುತ್ತಲೇ ಮಾಡಿದರು.

ಮೂರನೆಯದು, ಎಲ್ಲ ಗೊತ್ತುಪಡಿಸಿ ಆದ ಮೇಲೆ ಹೇಳುವುದು. ಛತ್ರ ಬುಕ್ ಆಗಿದೆ, ಲಗ್ನಪತ್ರಿಕೆ ಹಂಚಿದೆ. ಆಗ ‘ಶಿ ಈಸ್ ಗೆಟಿಂಗ್ ಮ್ಯಾರೀಡ್ ಆನ್ ಸಂಡೇ’ ಎನ್ನಬಹುದು. ಎರಡೂ ಕಡೆಯವರು ಒಪ್ಪಿರಬೇಕು, ಇಲ್ಲದಿದ್ದರೆ ಈ ರೂಪ ಬಳಸುವ ಹಕ್ಕಿಲ್ಲ. ನಾಲ್ಕನೆಯದು ವೇಳಾಪಟ್ಟಿಯದು: ‘ದ ಟ್ರೇನ್ ಲೀವ್ಸ್ ಅಟ್ ಸಿಕ್ಸ್.’ ರೈಲು ಏಳಕ್ಕೆ ಹೊರಟರೆ ಅದು ವ್ಯಾಕರಣದ ತಪ್ಪಲ್ಲ.

ಇನ್ನು ಅಭ್ಯಾಸ. ‘ನಾಳೆ ಮಾಲು ಕಳಿಸ್ತೀನಿ’ ಎಂಬುದನ್ನು ಇಂಗ್ಲಿಷಿಗೆ ತರುವಂತೆ ಮಾಸ್ತರರು ಹೇಳಿದರು. ಮಹಾಂತೇಶ ಬಹಳ ಹೊತ್ತು ಸೂರು ನೋಡಿ, “ಟುಮಾರೋ ಸೆಂಟ್” ಎಂದ. ಮತ್ತೊಮ್ಮೆ ಕೇಳಿದರೆ “ಟುಮಾರೋ ಸೆಂಟ್ ಮೇಡಂ” ಎಂದ. ಮಾಸ್ತರರು ಹಣೆ ಹಿಡಿದು ಕೂತರು.

“ಯಾಕಪ್ಪ, ‘ವಿಲ್’ ಅನ್ನಾಕ ಬಾಯಾಗ ಏನಾದ್ರೂ ಅಡ್ಡ ಬರ್ತೈತೇನು?”

“ಹಂಗಲ್ಲ ಮಾವ. ‘ವಿಲ್’ ಅಂದ್ರೆ ಮಾಡ್ಲೇಬೇಕಾಗ್ತೈತಿ. ‘ಸೆಂಟ್’ ಅಂದ್ರೆ ಅವ್ರಿಗೂ ಸಮಾಧಾನ, ನಮಗೂ ಸ್ವಲ್ಪ ಟೈಮು.”

ಇದು ವ್ಯಾಕರಣದ ರೋಗವಲ್ಲ, ವಂಶದ ರೋಗ ಎಂದು ಮಾಸ್ತರರು ಗೊಣಗಿದರು. ಹಿತ್ತಲಿನಿಂದ ಯಾರ ವಂಶ ಎಂಬ ಪ್ರಶ್ನೆ ಬಂತು. ಊರಿನ ವಂಶ ಎಂದು ತಿದ್ದಿಕೊಂಡರು.

ಗುರುವಾರದ ಹೊತ್ತಿಗೆ ನಾಲ್ಕು ದಾರಿಯೂ ಮಹಾಂತೇಶನ ತಲೆಗೆ ಹೋಗಿದ್ದವು, ಯಾವುದೂ ಹೊರಬರುತ್ತಿರಲಿಲ್ಲ. ಹೇಗೂ ಹೊತ್ತಿದೆಯೆಂದು ಮಾಸ್ತರರು, ರೇಷ್ಮೆ ಧೋತರವನ್ನು ಪೆಟ್ಟಿಗೆಯಿಂದ ತೆಗೆಯುವಂತೆ, ‘ಶಲ್’ ಅನ್ನು ಹೊರತೆಗೆದರು. ಈಗಿನ ಪುಸ್ತಕಗಳು ಅದನ್ನು ಮೂಲೆಗೆ ತಳ್ಳಿವೆ. ಮಾಸ್ತರರಿಗೆ ಅದನ್ನು ಕಲಿಸಿದ್ದು ಅವರ ಗುರು ಬಕ್ಕೇಶಪ್ಪನವರು. ಕಚ್ಚೆ ಪಂಚೆ, ಕರೀ ಕೋಟು, ಕೈಯಲ್ಲಿ ಬೆಲ್ಲದ ಚೂರು. ‘ನಿನಗೆ ಬೆಲ್ಲ ಸಿಗುತ್ತದೆ ಎಂದರೆ ಯೂ ವಿಲ್, ಸಿಕ್ಕರೆ ನಿನ್ನ ಅದೃಷ್ಟ. ಸಿಗುವ ಹಾಗೆ ನಾನು ಮಾಡುತ್ತೇನೆ, ಹೊಣೆ ನನ್ನದು ಎಂದರೆ ಯೂ ಶಲ್’ ಎಂದು ಹೇಳಿ, ಹೇಳಿದಂತೆ ಬೆಲ್ಲವನ್ನು ಬಾಯಿಗೇ ಹಾಕುತ್ತಿದ್ದರು. ಆ ರುಚಿ ನೆನೆದು ಮಾಸ್ತರರು ತುಟಿ ಸವರಿಕೊಂಡರು.

ಮಹಾಂತೇಶ ವಿನಯದಿಂದ ಹೇಳಿದ: “ಅದು ನನಗ ಬ್ಯಾಡ ಮಾವ. ಭಾಳ ಭಾರ ಐತೆ.”

ಶುಕ್ರವಾರ ಹನ್ನೊಂದಕ್ಕೆ ಫೋನ್ ಬಂತು. ಮಹಾಂತೇಶ ಸ್ಪೀಕರ್ ಹಾಕಿ, ವಿಭೂತಿ ಮುಟ್ಟಿಕೊಂಡು ಎದ್ದು ನಿಂತ. ಸುಮೈರಾ ಮೇಡಂ ಕೇಳಿದ್ದು ಒಂದೇ ಮಾತು, ಮಾಲು ಯಾವಾಗ. ಮಹಾಂತೇಶನಿಗೆ ನಾಲ್ಕು ದಾರಿಯೂ ಒಟ್ಟಿಗೇ ಕಂಡವು. “ಮೇಡಂ, ಇಟ್ ವಿಲ್ ಗೋಯಿಂಗ್ ಟು ಫಿನಿಶಿಂಗ್ ಫಿನಿಶಸ್” ಎಂದ. ಅವಳಿಗೆ ಅರ್ಥವಾಗಲಿಲ್ಲ. ಮತ್ತೆ ಕೇಳಿದಳು. ಇವನು ಅದನ್ನೇ ಹಿಂದುಮುಂದಾಗಿ ಹೇಳಿದ. ಆಗದಿದ್ದರೆ ಆಗುವುದಿಲ್ಲ ಎನ್ನಿ, ನಾನು ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದಳು. ದ್ರಾಕ್ಷಾಯಣಮ್ಮನವರಿಗೆ ಇಂಗ್ಲಿಷ್ ಬಾರದಿದ್ದರೂ ತಮ್ಮನ ಮುಖ ಓದಲು ಬರುತ್ತಿತ್ತು. ಅವರು ಗಂಡನ ತೋಳಿಗೆ ತಿವಿದರು.

ತಿವಿಯದಿದ್ದರೂ ಮಾಸ್ತರರು ಸುಮ್ಮನಿರುತ್ತಿರಲಿಲ್ಲ. ಒಂದು ವಾಕ್ಯದಲ್ಲಿ ನಾಲ್ಕು ಭವಿಷ್ಯ ಸಾಯುವುದನ್ನು ನೋಡಿಕೊಂಡು ಕೂರುವ ಗಂಡಸಲ್ಲ ಅವರು. ಫೋನ್ ಕಸಿದುಕೊಂಡರು. “ಮೇಡಂ,” ಎಂದರು, ತರಗತಿಯ ಕೊನೆಯ ಬೆಂಚಿಗೂ ಕೇಳುವ ದನಿಯಲ್ಲಿ, “ಯೂ ಶಲ್ ಹ್ಯಾವ್ ದ ಗೂಡ್ಸ್ ಆನ್ ಥರ್ಸ್‌ಡೇ.”

ಎಷ್ಟು ವರ್ಷವಾಗಿತ್ತು ಆ ಪದವನ್ನು ನಿಜವಾದ ಮನುಷ್ಯರೊಬ್ಬರ ಮುಂದೆ ಆಡಿ! ಬಾಯಿ ತುಂಬ ಬೆಲ್ಲವಾಯಿತು.

ಆ ಕಡೆ ಸುಮೈರಾ ಮೇಡಂ, ‘ವಿಲ್’ ಅಲ್ಲವೇ, ‘ಶಲ್’ ಎಂದಿರಾ ಎಂದು ಕೇಳಿದಳು. ಕೇಳುವವರು ಸಿಕ್ಕರೆ ಮಾಸ್ತರರು ಬಿಡುತ್ತಾರೆಯೇ? ಮಧ್ಯಮ ಪುರುಷದಲ್ಲಿ ‘ಶಲ್’ ಬಂದರೆ ಅದು ಆಡಿದವನ ಸ್ವಂತ ವಚನ, ಹೊಣೆ ಅವನದೇ ಎಂದು ಗುರುಗಳ ಬೆಲ್ಲದ ಸಮೇತ ವಿವರಿಸಿದರು. ಅವಳು ಅವರ ಹೆಸರನ್ನು ಅಕ್ಷರ ಬಿಡಿಸಿ ಕೇಳಿಕೊಂಡಳು, ಫೋನ್ ನಂಬರನ್ನೂ ಕೇಳಿಕೊಂಡಳು. ಹಾಗಾದರೆ ಇನ್ನು ಮಾತೇನಿದ್ದರೂ ನಿಮ್ಮ ಹತ್ತಿರವೇ ಎಂದಳು. ಆಮೇಲೆ ಹೇಳಿದಳು: “ಐ ಆಮ್ ಸೆಂಡಿಂಗ್ ದ ಲಾರಿ ಆನ್ ವೆಡ್ನೆಸ್‌ಡೇ ಈವ್ನಿಂಗ್.”

ಮಾಸ್ತರರು ಫೋನ್ ಇಟ್ಟು, ತಮ್ಮ ಮೂರನೆಯ ದಾರಿಯನ್ನು ಆ ಹುಡುಗಿ ಎಷ್ಟು ಚೆನ್ನಾಗಿ ಬಳಸಿದಳು ನೋಡು, ಲಾರಿ ಗೊತ್ತಾದ ಮೇಲೆ ‘ಸೆಂಡಿಂಗ್’ ಎನ್ನುವುದೇ ಸರಿ ಎಂದು ಮಹಾಂತೇಶನ ಕಡೆ ತಿರುಗಿದರು. ಮಹಾಂತೇಶ ಕುರ್ಚಿಯಲ್ಲಿರಲಿಲ್ಲ. ನೆಲದ ಮೇಲೆ ಕೂತಿದ್ದ.

“ಮಾವ, ಬುಧವಾರಕ್ಕ ಲಾರಿ ಬಂದ್ರ ತುಂಬಾಕೇನೈತಿ? ಅರ್ಧ ಬುಷ್ ಇನ್ನೂ ಕಂಬಿ ರೂಪದಾಗ ಐತೆ.”

“ಮತ್ತೆ ಆ ಮೇಡಂಗ ಮುಗೀತು ಅಂದಿದ್ದೆಲ್ಲೊ?”

“ಮುಗೀತು ಅಂತ ಅಂದಿದ್ದೆ” ಎಂದ ಮಹಾಂತೇಶ. “ಮುಗಿದೈತೆ ಅಂದಿರ್ಲಿಲ್ಲ.”

ಮಾಸ್ತರರು ಆರ್ಡರ್ ಅವನದು, ಲೇತ್ ಅವನದು ಎಂದು ವಾದಿಸಿ ನೋಡಿದರು. ದ್ರಾಕ್ಷಾಯಣಮ್ಮ ಆಗಲೇ ಅವರ ಹಳೆಯ ಎರಡು ಅಂಗಿ ಚೀಲಕ್ಕೆ ಹಾಕುತ್ತಿದ್ದರು. ಜೊತೆಗೆ ತಮ್ಮ ನಾಲ್ಕು ಸೀರೆಯನ್ನೂ. “ವಚನ ಕೊಟ್ಟೋರು ನೀವು. ನನ್ನ ತಮ್ಮ ಏನು ‘ಶಲ್’ ಅಂದಾನೇನು? ಏಳ್ರಿ, ಬಸ್ಸಿಗೆ ಹೊತ್ತಾತು” ಎಂದರು.

ಹರಿಹರದ ಆ ಐದು ದಿನಗಳನ್ನು ಮಾಸ್ತರರು ಯಾವ ಕಾಲದಲ್ಲಿಯೂ ಮರೆಯಲಾರರು. ಲೇತಿನ ಮುಂದೆ ಹಯಾತ್ ಸಾಬ್ ಎಂಬ ಹಳೆಯ ಕೆಲಸಗಾರ. ಕಡೆದು ಬಂದ ಬುಷ್ ಒರೆಸಿ, ಎಣ್ಣೆ ಸವರಿ, ಕಾಗದದಲ್ಲಿ ಸುತ್ತಿ ರಟ್ಟಿನ ಡಬ್ಬಿಗೆ ಹಾಕುವುದು ಮಾಸ್ತರರ ಪಾಲಿಗೆ ಬಂತು. ಬಿಳಿ ಪಂಚೆಯ ಮೇಲೆ ಮಹಾಂತೇಶನ ನೀಲಿ ಏಪ್ರನ್. ಕರೆಂಟು ಹೋದಾಗೆಲ್ಲ ಕೈಬೀಸಣಿಗೆ ಬೀಸಿಕೊಳ್ಳುತ್ತ, ಯಾವಾಗ ಬರುತ್ತದೆ ಎಂದು ಕೇಳುವರು. “ಬಂತು ಅನ್ಕಳ್ರಿ ಮಾಸ್ತರ” ಎಂದು ಹಯಾತ್ ಸಾಬ್ ಬೀಡಿ ಹಚ್ಚುವನು. ಮಾಸ್ತರರಿಗೆ ಮೈಯೆಲ್ಲ ಉರಿಯುವುದು. ಬಂತೋ, ಬರುತ್ತದೋ ಎಂದು ತಿದ್ದಲು ಹೋದರೆ, ಬಂದಾಗ ನಿಮಗೂ ಕಾಣ್ತದಲ್ರಿ ಎನ್ನುವನು. ಸುಮೈರಾ ಮೇಡಂ ದಿನಕ್ಕೆರಡು ಸಲ ನೇರವಾಗಿ ಮಾಸ್ತರರಿಗೇ ಫೋನ್ ಮಾಡಿ ಕುಶಲ ವಿಚಾರಿಸುವಳು. ದ್ರಾಕ್ಷಾಯಣಮ್ಮ ತವರಿನ ಕಟ್ಟೆಯ ಮೇಲೆ ಕೂತು ಮಿರ್ಚಿ ಮಂಡಕ್ಕಿ ತಿನ್ನುತ್ತ, ಓಣಿಯವರಿಗೆಲ್ಲ ತಮ್ಮ ಯಜಮಾನರು ಫ್ಯಾಕ್ಟರಿ ಕೆಲಸದ ಮೇಲೆ ಬಂದಿದ್ದಾರೆಂದು ಹೇಳುತ್ತಿದ್ದರು. ಮಂಗಳವಾರ ಮಧ್ಯಾಹ್ನ ಅವರು ಊಟಕ್ಕೆ ಕರೆಯಲು ಫೋನ್ ಮಾಡಿದಾಗ, ಡಬ್ಬಿಗಳ ನಡುವೆ ಮುಳುಗಿದ್ದ ಮಾಸ್ತರರು “ಬಂದೆ, ಬಂದೇಬಿಟ್ಟೆ” ಎಂದರು. ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಅತ್ತಿತ್ತ ನೋಡಿದರು. ಹಯಾತ್ ಸಾಬ್ ಮಾತ್ರ ಕೇಳಿಸಿಕೊಂಡಿದ್ದ, ಇನ್ನೊಂದು ಬೀಡಿ ಹಚ್ಚಿದ.

ಬುಧವಾರ ಸಂಜೆ ಲಾರಿ ಬಂತು, ತುಂಬಿತು, ಹೊರಟಿತು. ಗುರುವಾರ ಮಧ್ಯಾಹ್ನ ಮಾಲು ಪುಣೆ ಮುಟ್ಟಿತು. ಮಾಸ್ತರರು ಬೆನ್ನಿಗೆ ಎಣ್ಣೆ ಹಚ್ಚಿಸಿಕೊಂಡು ಮೈದುನನ ಮನೆಯ ಪಡಸಾಲೆಯಲ್ಲಿ ಮಲಗಿದ್ದು ಫೋನ್ ಎತ್ತದಿದ್ದಾಗ ಸುಮೈರಾ ಮೇಡಂ ಮಹಾಂತೇಶನಿಗೆ ಫೋನ್ ಮಾಡಿದಳು. ಹೇಳಿದ ದಿನ ಹೇಳಿದ ಮಾಲು ಬಂದದ್ದು ಇದೇ ಮೊದಲು ಎಂದಳು. ಆರ್ಡರ್ ಇಲ್ಲೇ ಇರುತ್ತದೆ, ದೊಡ್ಡದೂ ಆಗುತ್ತದೆ, ಆದರೆ ಮುಂದೆ ಇದನ್ನೆಲ್ಲ ನೋಡಿಕೊಳ್ಳುವವರು ಯಾರು ಎಂದು ಕೇಳಿದಳು.

ಮಹಾಂತೇಶ ಸೂರು ನೋಡಲಿಲ್ಲ. ವಿಭೂತಿ ಮುಟ್ಟಿಕೊಳ್ಳಲಿಲ್ಲ. ನೀರು ಕುಡಿದಷ್ಟು ಸಲೀಸಾಗಿ ಹೇಳಿದ: “ಮೈ ಬ್ರದರ್-ಇನ್-ಲಾ ಈಸ್ ಜಾಯ್ನಿಂಗ್ ಅಸ್ ಆನ್ ಮಂಡೇ, ಮೇಡಂ.”

ಮಾಸ್ತರರು ಎದ್ದು ಕೂತರು. ಮೊದಲು ಬಂದದ್ದು ಆನಂದ. ಶಿಷ್ಯನ ಬಾಯಲ್ಲಿ ಒಂದು ತುಂಬು ವಾಕ್ಯ. ಆಮೇಲೆ ಅರ್ಥ ಬಂತು. ಫೋನ್ ಕೆಳಗಿಡುವುದನ್ನೇ ಕಾದು, ಆ ವಾಕ್ಯ ಶುದ್ಧ ತಪ್ಪು ಎಂದರು. ಗೊತ್ತುಪಡಿಸಿ, ಎರಡೂ ಕಡೆಯವರು ಒಪ್ಪಿದ್ದರೆ ಮಾತ್ರ ‘ಜಾಯ್ನಿಂಗ್’ ಎನ್ನಬೇಕು. ನನ್ನನ್ನು ಯಾರು ಕೇಳಿದ್ದಾರೆ, ನಾನು ಯಾವಾಗ ಒಪ್ಪಿದ್ದೇನೆ ಎಂದು ಗುಡುಗಿದರು.

ದ್ರಾಕ್ಷಾಯಣಮ್ಮ ಎಣ್ಣೆ ಬಟ್ಟಲನ್ನು ಪಕ್ಕಕ್ಕಿಟ್ಟರು. “ಅವನು ನಿನ್ನೆನೇ ನನ್ನ ಕೇಳ್ಯಾನ, ನಾನು ಹೂಂ ಅಂದೀನಿ. ನಿಮ್ಮ ಬಸ್ ಪಾಸೂ ಆಗೈತೆ, ಬುತ್ತಿ ಡಬ್ಬಿನೂ ತಂದಾಗೈತೆ. ಎರಡೂ ಕಡೇರು ಒಪ್ಪಿದಂಗ ಆತಿಲ್ಲೋ?” ಎಂದರು. “ಈಗ ಹೇಳ್ರಿ, ನನ್ನ ತಮ್ಮ ಅಂದಿದ್ರಾಗ ತಪ್ಪೇನೈತಿ?”

ಮಾಸ್ತರರು ಕಣ್ಣು ಮುಚ್ಚಿ ಆ ವಾಕ್ಯವನ್ನು ಕರ್ತೃವಿನಿಂದ ಕೊನೆಯವರೆಗೆ ಒಂದೊಂದೇ ಪದವಾಗಿ ಪರೀಕ್ಷಿಸಿದರು. ಗೊತ್ತುಪಡಿಸುವವರು ಇಂಥವರೇ ಆಗಿರಬೇಕೆಂದಾಗಲಿ, ಕರ್ತೃವನ್ನು ಒಂದು ಮಾತು ಕೇಳಬೇಕೆಂದಾಗಲಿ ಯಾವ ವ್ಯಾಕರಣದಲ್ಲೂ ಇರಲಿಲ್ಲ.

“ಇಲ್ಲ,” ಎಂದರು. “ಸರಿ ಐತೆ.”