ಆರು ಗಾಲಿಯ ಗೃಹಪ್ರವೇಶ

ಹದಿನಾರೂವರೆ ಲಕ್ಷ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕಡೂರಿನಲ್ಲಿ ಈಗ ಯಾರು ಎದುರಾದರೂ ಚೆನ್ನಾಗಿದ್ದೀರಾ ಎಂದು ಕೇಳುವುದಕ್ಕೆ ಮುಂಚೆ ಇದನ್ನೇ ಕೇಳುತ್ತಾರೆ. ಮಾರುವವನು ಹೇಳಿದ್ದು ಇಪ್ಪತ್ತನಾಲ್ಕು. ನಾನು ಬೆಳಿಗ್ಗೆಯಿಂದ ಸಾಯಂಕಾಲದವರೆಗೆ ಅವನ ಅಂಗಳದಲ್ಲಿ ಕೂತು, ಅವನ ಮನೆಯಲ್ಲೇ ಉಂಡು, ಅವನ ಹೆಂಡತಿ ಮಾಡಿದ ಸಾರನ್ನು ಹೊಗಳಿ, ಗಾಡಿಯನ್ನು ತೆಗಳಿ, ಎರಡು ಸಲ ಚಪ್ಪಲಿ ಮೆಟ್ಟಿ ಗೇಟಿನ ತನಕ ಹೋಗಿ, ಏಳೂವರೆ ಲಕ್ಷ ಇಳಿಸಿದೆ. ಚೌಕಾಸಿಯಲ್ಲಿ ಚಪ್ಪಲಿ ಬಹಳ ಮುಖ್ಯ. ಮೊದಲ ಸಲ ಮೆಟ್ಟಿದಾಗ ಎರಡು ಹೆಜ್ಜೆ ಹಾಕಿ ತಿರುಗಿ ನೋಡಬೇಕು, ಎರಡನೆಯ ಸಲ ತಿರುಗಿ ನೋಡಲೇಬಾರದು. ಹಳೇ ಟ್ರ್ಯಾಕ್ಟರು, ಹಳೇ ಪಂಪ್‌ಸೆಟ್ಟು ಕೊಂಡು ಮಾರುತ್ತಲೇ ತಲೆ ಬೆಳ್ಳಗಾದವನು ನಾನು. ಕೈಯಲ್ಲಿ ಸ್ಪಾನರ್ ಬಿಟ್ಟರೆ ಏನೂ ಇಲ್ಲದೆ ಶುರು ಮಾಡಿದವನಿಗೆ ಈ ವಿದ್ಯೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಮನೆಗೆ ಬಂದು ಏಳೂವರೆ ಲಕ್ಷ ಉಳಿಸಿದೆ ಎಂದಾಗ ನನ್ನ ಹೆಂಡತಿ ಸರೋಜ ಕೈ ಚಾಚಿ, "ಎಲ್ಲಿ, ಕೊಡಿ, ಬೀರುವಿನಾಗೆ ಇಡ್ತೀನಿ" ಅಂದಳು. 

ಗಾಡಿ ಎಂಥದ್ದು ಎಂದರೆ, ಹೊರಗಿನಿಂದ ಮದುವೆ ದಿಬ್ಬಣಕ್ಕೆ ಹೊರಟ ಮಿನಿ ಬಸ್ಸು. ಒಳಗೆ ಹೊಕ್ಕರೆ ಮಂಚ, ಗ್ಯಾಸ್ ಒಲೆ, ಪುಟ್ಟ ಫ್ರಿಜ್ಜು, ಮಡಚುವ ಮೇಜು, ಬೀರುವಿನಷ್ಟೇ ಅಗಲದ ಬಚ್ಚಲು. ಇದಕ್ಕೆ ಮೋಟಾರ್‌ಹೋಮ್ ಎನ್ನುತ್ತಾರೆ. ನಮ್ಮ ಬೀದಿಯಲ್ಲಿ ಗಾಲಿಮನೆ ಎನ್ನುತ್ತಾರೆ.

ಕೊಂಡಿದ್ದು ಯಾಕೆಂದರೆ ಸರೋಜ ಹೇಳಿದ ಒಂದು ಮಾತಿಗೆ. ಮದುವೆಯಾದ ಲಾಗಾಯ್ತು ನಾವು ಹೋಗದ ಊರಿಲ್ಲ, ಆದರೆ ಒಂದು ದಿನವೂ ಲಾಡ್ಜಿನಲ್ಲಿ ಇಳಿದವರಲ್ಲ. ನಮ್ಮೋರ ಮನೆ ಇರುವಾಗ ದುಡ್ಡು ಕೊಟ್ಟು ಮಲಗುವುದು ನನ್ನ ಜಾಯಮಾನಕ್ಕೆ ಒಗ್ಗುವುದಿಲ್ಲ. ನೆಂಟರ ಮನೆಯಲ್ಲಿ ನಾನು ಜಗಲಿಯ ಮೇಲೆ ಕೂತು ಲೋಕದ ಬೆಲೆಯೆಲ್ಲ ವಿಚಾರಿಸುತ್ತಿದ್ದೆ. ಅವಳು ಬ್ಯಾಗು ಇಟ್ಟವಳೇ ಸೆರಗು ಸಿಕ್ಕಿಸಿ ಅವರ ಅಡುಗೆಮನೆಗೆ ಹೋಗಿ ರೊಟ್ಟಿ ತಟ್ಟುತ್ತಿದ್ದಳು. ಇದನ್ನೇ ನಾವು ಪ್ರವಾಸ ಎನ್ನುತ್ತಿದ್ದೆವು. ಒಂದು ದಿನ ಅವಳು ಇದ್ದಕ್ಕಿದ್ದಂತೆ, "ರೀ, ನಮ್ಮನ್ನ ಯಾರೂ ಗುರ್ತು ಹಿಡೀದಿರೋ ಕಡೆ ಕೂತ್ಕಂಡು, ಬಿಸಿ ಕಾಫೀನ ಬಿಸಿಯಾಗಿರೋವಾಗ್ಲೇ ಕುಡೀಬೇಕು ಅಂತ ಆಸೆ ಕಣ್ರೀ. ಎದುರಿಗೆ ಸಮುದ್ರ ಇದ್ರೆ ಇನ್ನೂ ಒಳ್ಳೇದು" ಅಂದಳು. ಹಬ್ಬಕ್ಕೆ ಸೀರೆಯನ್ನೂ ಕೇಳದ ಹೆಂಗಸು. ಮಾರನೆಯ ದಿನವೇ ವಿಚಾರಿಸಿದೆ. ಸಮುದ್ರದ ದಡದಲ್ಲಿ ಒಂದು ರೂಮಿಗೆ ದಿನಕ್ಕೆ ಎರಡು ಸಾವಿರ ಅಂದರು. ಬರಿದೇ ಕಾಫಿ ಕುಡಿಯಲು ಯಾರಿಗೋ ಎರಡು ಸಾವಿರ ಕೊಡುವುದೇ ಎಂದು ಹೊಟ್ಟೆ ಉರಿದು, ಹದಿನಾರೂವರೆ ಲಕ್ಷ ಕೊಟ್ಟು ಬಂದೆ.

ಗಾಡಿ ಬಾಗಿಲಿಗೆ ಬಂದ ದಿನವೇ ತಕರಾರು ಶುರುವಾಯಿತು. ಗಾಡಿ ಅಂದಮೇಲೆ ಗಾಲಿಗೆ ನಿಂಬೆಹಣ್ಣು ಇಟ್ಟು ಆಯುಧಪೂಜೆಯ ಹಾಗೆ ಮುಗಿಸೋಣ ಎಂದೆ. ಸರೋಜ ಒಪ್ಪಲಿಲ್ಲ. "ಒಲೆ ಐತೆ, ಮಂಚ ಐತೆ, ಬಚ್ಚಲು ಐತೆ. ಮನೆ ಅಲ್ದೆ ಇನ್ನೇನು? ಹಾಲು ಉಕ್ಕಿಸ್ದೆ ನಾನು ಒಳಕ್ಕೆ ಕಾಲಿಡಲ್ಲ" ಅಂದಳು. ಪಂಚಾಯ್ತಿಗೆ ಅಯ್ನೋರನ್ನು ಕರೆಸಿದೆವು. ಮೂವತ್ತು ವರ್ಷದಿಂದ ನಮ್ಮ ಮನೆಯ ಪೂಜೆ ಮಾಡುವವರು, ಯೋಚನೆ ಮಾಡದೆ ಮಾತಾಡುವವರಲ್ಲ. ಗಾಡಿಯ ಸುತ್ತ ಒಂದು ಸುತ್ತು ಬಂದು, "ನಡೆಯೋವಾಗ ಗಾಡಿ, ನಿಂತಾಗ ಮನೆ. ಎರಡನ್ನೂ ಮಾಡಿಬಿಡೋಣ. ಆದ್ರೆ ನಿಂತಾಗ ಬಾಗಿಲು ಪೂರ್ವಕ್ಕಿರ್ಬೇಕು" ಎಂದು ತೀರ್ಪು ಕೊಟ್ಟರು. ಎರಡು ಪೂಜೆ, ಎರಡು ದಕ್ಷಿಣೆ. ನನಗಿಂತ ದೊಡ್ಡ ವ್ಯಾಪಾರಿ ಯಾರೂ ಇಲ್ಲವೆಂದು ನಾನು ತಿಳಿದಿದ್ದು ತಪ್ಪು. ಇನ್ನು ಬಾಗಿಲಿನ ವಿಷಯ. ಬಾಗಿಲಿರುವುದು ಗಾಡಿಯ ಎಡಗಡೆಗೆ. ಅದು ಪೂರ್ವಕ್ಕೆ ಬರಬೇಕಾದರೆ ಗಾಡಿಯ ಮೂತಿ ದಕ್ಷಿಣಕ್ಕಿರಬೇಕು. ಅಂದಿನಿಂದ ಎಲ್ಲಿ ನಿಲ್ಲಿಸಬೇಕಾದರೂ ನಾನು ಮೊಬೈಲಿನಲ್ಲಿ ದಿಕ್ಕು ನೋಡಿ, ರಸ್ತೆ ತುಂಬ ಹಿಂದೆ ಮುಂದೆ ಮಾಡಿ, ಎರಡೂ ಕಡೆಯ ಬಸ್ಸಿನವರಿಂದ ಬೈಸಿಕೊಂಡು ನಿಲ್ಲಿಸುತ್ತೇನೆ.

ಗೃಹಪ್ರವೇಶ ಎಂದಮೇಲೆ ನೆಂಟರನ್ನು ಕರೆಯದಿರಲಾದೀತೇ? ಬಂದರು. ಚೌಳಹಿರಿಯೂರಿನಿಂದ ಒಂದು ಟೆಂಪೋ ತುಂಬ ಬಂದರು. ಸರೋಜ ಹಾಲಿಟ್ಟಳು. ಉಕ್ಕಿದ ಹಾಲು ಶಾಸ್ತ್ರದ ಪ್ರಕಾರ ಪೂರ್ವಕ್ಕೇ ಹರಿಯಿತು. ಪೂರ್ವಕ್ಕೆ ಬ್ಯಾಟರಿ ಪೆಟ್ಟಿಗೆ ಇತ್ತು. ದೀಪಗಳೆಲ್ಲ ಒಮ್ಮೆ ಜೋರಾಗಿ ಉರಿದು ಆರಿಹೋದವು. "ಬಲು ಒಳ್ಳೇ ಶಕುನ" ಅಂದರು ಅಯ್ನೋರು. ಎಲೆಕ್ಟ್ರಿಷಿಯನ್ ಹಾಗನ್ನಲಿಲ್ಲ. ಮುಯ್ಯಿಯ ವಿಷಯ ಕೇಳಿ. ನಮ್ಮ ಕಡೆ ಹೊಸ ಮನೆಗೆ ಗೋಡೆ ಗಡಿಯಾರ ಕೊಡುವುದು ರೂಢಿ. ಗೋಡೆಯೇ ಇಲ್ಲದ ಮನೆಗೆ ಗಡಿಯಾರಗಳು ಬಂದು ಬಿದ್ದವು. ತೂಗುಹಾಕದಿದ್ದರೆ ಕೊಟ್ಟವರಿಗೆ ಬೇಜಾರು. ಹಾಗಾಗಿ ಸಿಕ್ಕ ಸಿಕ್ಕಲ್ಲಿ ಮೊಳೆ ಹೊಡೆದಿದ್ದೇವೆ. ಒಂದೊಂದು ಹಂಪ್ ಹತ್ತಿಳಿದಾಗಲೂ ಒಂದೊಂದು ಗಡಿಯಾರ ಮಂಚಕ್ಕೆ ಹಾರುತ್ತದೆ.

ಇಷ್ಟರಲ್ಲಿ ಖರ್ಚು ಮುಗಿಯಿತೆಂದು ತಿಳಿಯಬೇಡಿ. ಇನ್ಶೂರೆನ್ಸಿನವನು ಇದನ್ನು ಗಾಡಿ ಎಂದು ಬರೆದುಕೊಂಡ. ಒಲೆ ಇರುವುದರಿಂದ ಅಪಾಯ ಹೆಚ್ಚು ಎಂದು ಕಂತನ್ನೂ ಹೆಚ್ಚಿಸಿದ. ಟೈರು ಆರು. ಡೀಸೆಲ್ಲು ಕುಡಿಯುವುದರಲ್ಲಿ ಮದುವೆ ಮನೆಯ ಬೀಗರ ಹಾಗೆ, ಸಾಕು ಎನ್ನುವ ಮಾತೇ ಇಲ್ಲ. ಬಚ್ಚಲಿನ ಡಬ್ಬಿಯನ್ನು ಎಲ್ಲಿ ಖಾಲಿ ಮಾಡಬೇಕೆಂದು ಮಾರಿದವನಿಗೆ ಫೋನು ಮಾಡಿದರೆ, "ಸರ್, ಚೌಕಾಸಿ ಮಾಡಿದಾಗ ಆ ಪ್ರಶ್ನೆ ಕೇಳ್ಲಿಲ್ವಲ್ಲ ನೀವು" ಅಂದ. ಎಲ್ಲಕ್ಕಿಂತ ಸಂಕಟ ಟೋಲಿನದು. ಮೊದಲು ಕಿಟಕಿಯಲ್ಲಿ ಒಬ್ಬ ಮನುಷ್ಯನಾದರೂ ಇರುತ್ತಿದ್ದ. ಯಾವೂರಪ್ಪ, ಯಾರ ಪೈಕಿ ಎಂದು ಮಾತು ಶುರು ಮಾಡಬಹುದಿತ್ತು. ಈಗ ಗಾಜಿಗೆ ಅಂಟಿಸಿದ ಫಾಸ್ಟ್ಯಾಗ್ ಚೀಟಿಯನ್ನು ಒಂದು ಯಂತ್ರ ಮೇಲಿನಿಂದಲೇ ನೋಡಿ ದುಡ್ಡು ಕಿತ್ತುಕೊಂಡು ಕಂಬಿ ಎತ್ತುತ್ತದೆ. ಕಂಬಿಯ ಜೊತೆ ಚೌಕಾಸಿ ಹೇಗೆ ಮಾಡುವುದು?

ಅಂತೂ ಒಂದು ಶನಿವಾರ ಬೆಳಿಗ್ಗೆ ಸಮುದ್ರಕ್ಕೆಂದು ಹೊರಟೆವು. ಸರೋಜ ಹೊಸ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಸಿ, ಹಾಲನ್ನು ಫ್ರಿಜ್ಜಿನಲ್ಲಿಟ್ಟು, ನನ್ನ ಪಕ್ಕದ ಸೀಟಿನಲ್ಲಿ ಚಿಕ್ಕ ಹುಡುಗಿಯ ಹಾಗೆ ಕೂತಿದ್ದಳು. ತರೀಕೆರೆ ದಾಟಬೇಕು ಎನ್ನುವಷ್ಟರಲ್ಲಿ ರಸ್ತೆಯ ಪಕ್ಕದಲ್ಲಿ ಒಬ್ಬ ಹೆಂಗಸು ಟ್ರಾಫಿಕ್ ಪೊಲೀಸಿನವಳ ಹಾಗೆ ಕೈ ಅಡ್ಡ ಹಿಡಿದು ನಿಂತಿದ್ದಳು. ಸರೋಜಳ ಅಕ್ಕ ಗಂಗಕ್ಕ. ಹೊರಡುವ ವಿಷಯವನ್ನು ಸರೋಜಳೇ ಹಿಂದಿನ ದಿನ ಫೋನಿನಲ್ಲಿ ಬಾಯಿಬಿಟ್ಟಿದ್ದಳು.

"ಏನಪ್ಪಾ, ಮನೇನೇ ಹೊತ್ಕಂಡು ನಮ್ಮೂರ ಮೇಲೆ ಹೋಗ್ತಾ ಇದ್ದೀರಿ, ನಿಲ್ಸಂಗಿಲ್ವಾ?"

"ಇಲ್ಲ ಗಂಗಕ್ಕ, ಕತ್ತಲಾಗೋದ್ರೊಳಗೆ ಸಮುದ್ರ ಸೇರ್ಬೇಕು."

"ಸಮುದ್ರ ಎಲ್ಲಿಗೂ ಹೋಗಲ್ಲ. ಅದಕ್ಕೇನು ಗಾಲಿ ಐತಾ?"

ಅವಳ ಬೀದಿಗೆ ತಿರುಗಿಸಿದೆ. ಬಾಗಿಲನ್ನು ಪೂರ್ವಕ್ಕೆ ನಿಲ್ಲಿಸುವುದರಲ್ಲಿ ಬೀದಿಯ ಅರ್ಧ ಜನ ಸೇರಿದ್ದರು, ಇನ್ನರ್ಧ ಜನಕ್ಕೆ ಗಂಗಕ್ಕ ಹೇಳಿಕಳಿಸಿದಳು. ಈಗ ಒಂದು ಹೊಸ ಧರ್ಮಸೂಕ್ಷ್ಮ ಎದ್ದಿತು. ನಾವು ಅವಳ ಮನೆಗೆ ಬಂದ ನೆಂಟರೋ, ಅವಳು ನಮ್ಮ ಮನೆಗೆ ಬಂದ ನೆಂಟಳೋ? ಗಂಗಕ್ಕ ನಿಮಿಷದಲ್ಲಿ ಬಗೆಹರಿಸಿದಳು. "ಗೃಹಪ್ರವೇಶಕ್ಕೆ ಬರಕ್ಕಾಗ್ದೋರೆಲ್ಲ ಈಗ ನೋಡಕ್ಕೆ ಬತ್ತಾವ್ರೆ. ಮನೆ ನಿಮ್ದು. ಮೊದಲ್ನೇ ಸಲ ಮನೆಗೆ ಬಂದೋರ್ನ ಕಾಫಿ ಕೊಡ್ದೆ ಕಳಿಸ್ತಾರೇನೇ ಸರೋಜಾ?" ಸಮುದ್ರಕ್ಕೆಂದು ತಂದ ಡಿಕಾಕ್ಷನ್ ತರೀಕೆರೆಯ ಒಂದು ಬೀದಿಗೆ ಹಂಚಿಹೋಯಿತು. ಸಂಜೆಯ ಹೊತ್ತಿಗೆ ಸರೋಜಳ ಪಾಲಿನ ಲೋಟ ಸಿಂಕಿನ ಪಕ್ಕದಲ್ಲಿ ಕೆನೆಗಟ್ಟಿ ಕೂತಿತ್ತು. ಅವಳು ಅದನ್ನು ಸಿಂಕಿಗೆ ಸುರಿದು ಲೋಟ ತೊಳೆದಿಟ್ಟಳು. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಮಾರನೆಯ ದಿನ ಹೊರಡುವಾಗ ಗಂಗಕ್ಕ ಇನ್ನೊಂದು ಬಾಣ ಬಿಟ್ಟಳು. "ನನ್ನ ಮನೆಗೆ ಬಂದು ಅಜ್ಜಂಪುರದ ತಮ್ಮನ ಮನೆಗೆ ಹೋಗ್ದಿದ್ರೆ ಅವ್ನು ಏನಂದ್ಕಂಡಾನು?" ಅಜ್ಜಂಪುರ ಸಮುದ್ರಕ್ಕೆ ಬೆನ್ನು ಮಾಡಿದ ದಿಕ್ಕಿನಲ್ಲಿದೆ. ಆದರೆ ಹೆಂಡತಿಯ ತಮ್ಮನ ಬೇಜಾರು ಯಾವ ದಿಕ್ಕಿನಿಂದ ಬಂದರೂ ತಲೆಗೇ ತಾಗುತ್ತದೆ. ತಿರುಗಿಸಿದೆ.

ತಮ್ಮ ಬಸವರಾಜ ಈರುಳ್ಳಿ ವ್ಯಾಪಾರಿ. ಗಾಡಿಯನ್ನು ಕಂಡವನೇ ಅರಳಿಹೋದ. "ಭಾವ, ದೇವ್ರು ಬಂದಂಗೆ ಬಂದ್ರಿ. ನಾಳೆ ಮಗಳನ್ನ ನೋಡಕ್ಕೆ ಗಂಡಿನ ಕಡೆಯೋರು ಬತ್ತಾರೆ. ಬಾಗ್ಲಲ್ಲಿ ಇದು ನಿಂತಿದ್ರೆ ನಮ್ಮ ಲೆವೆಲ್ಲೇ ಬೇರೆ" ಅಂದ. ನಿಲ್ಲಿಸಿದೆ. ಗಂಡಿನ ಕಡೆಯವರು ಬಂದರು. ಗಂಡಿನ ತಂದೆ ಮನೆಯೊಳಗೆ ಹೋಗುವ ಮೊದಲು ನಮ್ಮ ಗಾಡಿಯ ಟೈರನ್ನು ಕಾಲಿನಲ್ಲಿ ಒದ್ದು ನೋಡಿದ ರೀತಿಯಲ್ಲೇ ಈತ ನನ್ನ ಜಾತಿಯವನು, ಅಂದರೆ ವ್ಯಾಪಾರದ ಜಾತಿಯವನು ಎಂದು ಗೊತ್ತಾಯಿತು. ಒಂದು ಕಾಲಕ್ಕೆ ಎತ್ತಿನ ದಲ್ಲಾಳಿಯಾಗಿದ್ದವನಂತೆ. ಉಪ್ಪಿಟ್ಟು ತಿನ್ನುತ್ತಾ ಹುಡುಗಿಯನ್ನು ಒಂದು ಸಲ ನೋಡಿದ, ಕಿಟಕಿಯಿಂದ ಗಾಡಿಯನ್ನು ಹತ್ತು ಸಲ ನೋಡಿದ. ಕೊನೆಗೆ ತಡೆಯಲಾರದೆ, "ಗಾಡಿ ಹೆಣ್ಣಿನ ಕಡೇದೇನಾ?" ಎಂದು ಕೇಳಿದ. ಬಸವರಾಜ ಹೌದೂ ಅನ್ನದೆ ಅಲ್ಲವೂ ಅನ್ನದೆ ಇನ್ನೊಂದು ಲೋಟ ಕಾಫಿ ತರಿಸಿದ. ಅಲ್ಲ, ನನ್ನದು ಎಂದು ನಾನೇ ಹೇಳಬೇಕಾಯಿತು.

ಆಗ ಆತ ಹೆಗಲ ಮೇಲಿನ ಟವೆಲ್ಲು ತೆಗೆದು ನನ್ನನ್ನು ಅಂಗಳಕ್ಕೆ ಕರೆದ. ನಮ್ಮ ಕಡೆಯ ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಟವೆಲ್ಲಿನ ಕೆಳಗೆ ಒಬ್ಬರ ಬೆರಳನ್ನು ಒಬ್ಬರು ಹಿಡಿದು ಮುಗಿಸುತ್ತಾರೆ, ನೋಡುವವರಿಗೆ ಏನೂ ಗೊತ್ತಾಗುವುದಿಲ್ಲ. ಎಷ್ಟೋ ವರ್ಷವಾಗಿತ್ತು ನನ್ನ ಬೆರಳಿಗೆ ಆ ಸುಖ ಸಿಕ್ಕಿ. ಆತ ಹದಿನೆಂಟು ಎಂದು ಹಿಡಿದ. ನಾನು ಮುಖವನ್ನು ಹರಳೆಣ್ಣೆ ಕುಡಿದವನಂತೆ ಮಾಡಿ ಇಪ್ಪತ್ತು ಎಂದು ಹಿಡಿದೆ. ಆತ ಅರ್ಧ ಏರಿದ. ನಾನು ಅರ್ಧ ಇಳಿದೆ. ಹತ್ತೊಂಬತ್ತರ ಹತ್ತಿರ ಬಂದಾಗ, ನಿಜ ಹೇಳುತ್ತೇನೆ, ಸಮುದ್ರವೂ ಮರೆತುಹೋಗಿತ್ತು, ಕಾಫಿಯೂ ಮರೆತುಹೋಗಿತ್ತು. ಎರಡೂವರೆ ಲಕ್ಷ ಲಾಭ ಎನ್ನುವುದೊಂದೇ ಬೆರಳ ತುದಿಯಲ್ಲಿ ಜುಮ್ಮೆನ್ನುತ್ತಿತ್ತು. ಇನ್ನೊಂದು ಸಲ ಅದುಮಿದರೆ ವ್ಯಾಪಾರ ಮುಗಿಯುತ್ತಿತ್ತು.

ಸರೋಜ ತಟ್ಟೆ ಹಿಡಿದು ಬಾಗಿಲಿಗೆ ಬಂದವಳು ಟವೆಲ್ಲನ್ನು ನೋಡಿದಳು. ಅವಳ ಅಪ್ಪನೂ ಎತ್ತು ಮಾರಿದವನೇ. ತಟ್ಟೆಯನ್ನು ಜಗಲಿಯ ಮೇಲಿಟ್ಟು, ದನಿ ಏರಿಸದೆ, "ರೀ, ಕೈ ಈಚೆಗೆ ತೆಗೀರಿ" ಅಂದಳು.

"ಲೇ, ಸುಮ್ನೆ ಬೆಲೆ ಕೇಳ್ತಾ ಇದ್ದೆ ಕಣೇ."

"ಕೇಳಿದ್ದಾಯ್ತಲ್ಲ. ಗಾಡಿಗೆ ದುಡ್ಡು ಕೊಟ್ಟಿದ್ದು ನೀವು, ನಿಜ. ಹಾಲು ಉಕ್ಕಿಸಿದ್ದು ನಾನು. ಉಕ್ಕಿಸ್ದೋಳನ್ನ ಕೇಳ್ದೆ ಮನೆ ಮಾರೋದು ಯಾವೂರ ನ್ಯಾಯ?" ಆಮೇಲೆ ಗಂಡಿನ ತಂದೆಯ ಕಡೆ ತಿರುಗಿ, "ಅಣ್ಣಾ, ನೀವು ನೋಡಕ್ಕೆ ಬಂದಿದ್ದು ಒಳಗೆ ಕೂತೈತೆ" ಅಂದಳು.

ಆತ ಟವೆಲ್ಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡ. ಜೀವಮಾನದಲ್ಲಿ ನಾನು ಅರ್ಧಕ್ಕೆ ಬಿಟ್ಟ ವ್ಯಾಪಾರ ಅದೊಂದೇ. ಆ ಸಂಬಂಧವೂ ಕೂಡಲಿಲ್ಲ. ಟೈರು ಒದ್ದವರ ಮನೆಗೆ ನಾನು ಹೋಗಲ್ಲ ಎಂದು ಹುಡುಗಿಯೇ ಹೇಳಿದಳಂತೆ.

ಸಮುದ್ರ ಸೇರುವ ಮೊದಲೇ ರಜೆ ಮುಗಿದಿತ್ತು, ವಾಪಸು ಹೋಗಿ ಅಂಗಡಿ ತೆಗೆಯಬೇಕಿತ್ತು. ಕಡೂರಿಗೆ ಬಂದೆವು. ನಮ್ಮ ಬೀದಿಯ ತಿರುವಿನಲ್ಲಿ ನೋಡಿದರೆ, ಚೌಳಹಿರಿಯೂರಿನ ನೆಂಟರು ಇನ್ನಷ್ಟು ನೆಂಟರನ್ನು ಕರೆದುಕೊಂಡು ನಮ್ಮ ಜಗಲಿಯ ಮೇಲೆ ಕಾಯುತ್ತಿದ್ದರು. ಒಬ್ಬರ ಕೈಯಲ್ಲಿ ಗಡಿಯಾರದ ಡಬ್ಬಿಯೂ ಇತ್ತು. ನಾನು ಬ್ರೇಕಿನ ಮೇಲೆ ಕಾಲಿಟ್ಟೆ.

"ನಿಲ್ಲಿಸ್ಬ್ಯಾಡಿ" ಅಂದಳು ಸರೋಜ. "ಹಂಗೇ ಎಮ್ಮೆದೊಡ್ಡಿ ಕಡೀಕೆ ಹೋಗಿ."

ಮನೆಯ ಮುಂದೆ ನೆಂಟರು ಕೂತಿರುವಾಗ ನಿಲ್ಲಿಸದೆ ಹೋದ ಮೊದಲ ಮನುಷ್ಯ ನಮ್ಮ ವಂಶದಲ್ಲಿ ನಾನೇ ಇರಬೇಕು. ಅಲ್ಲಿ ದನ ಮೇಯುವ ಹುಲ್ಲುಬಯಲಿನ, ಅಂದರೆ ಕಾವಲಿನ ಅಂಚಿನಲ್ಲಿ, ಒಂದು ಜಾಲಿ ಮರದ ಹತ್ತಿರ ನಿಲ್ಲಿಸಿದೆ. ಅಮೃತಮಹಲ್ ದನಗಳು ದೂರದಲ್ಲಿ ಮೇಯುತ್ತಿದ್ದವು. ಯಾರೂ ಇರಲಿಲ್ಲ. ಸರೋಜ ಒಲೆ ಹಚ್ಚಿ, ಹೊಸದಾಗಿ ಡಿಕಾಕ್ಷನ್ ಇಳಿಸಿ, ಉಳಿದಿದ್ದ ಹಾಲಿನಲ್ಲಿ ಕಾಫಿ ಬೆರೆಸಿದಳು. ಒಂದೇ ಲೋಟ. ನಾನು ಕೈ ಚಾಚಿದೆ. ಅವಳು ಲೋಟವನ್ನು ತನ್ನ ಕಡೆಗೆ ಎಳೆದುಕೊಂಡು, ಬಹಳ ಮೆತ್ತಗೆ, "ಬೇಜಾರ್ ಮಾಡ್ಕಬ್ಯಾಡಿ. ನಮ್ಮನ್ನ ಯಾರೂ ಗುರ್ತು ಹಿಡೀದಿರೋ ಕಡೆ ಅಂದಿದ್ನಲ್ಲ, ನೀವೂ ಗುರ್ತಿರೋರೇ. ಚೂರು ಅಡ್ಡಾಡ್ಕಂಡು ಬನ್ನಿ" ಅಂದಳು.

ಹದಿನಾರೂವರೆ ಲಕ್ಷದ ಮನೆಯ ಯಜಮಾನನಾದ ನಾನು ಹೊರಗೆ ಬಂದು ಮುಳ್ಳಿನ ನಡುವೆ ನಿಂತೆ. ಒಂದು ಹೋರಿ ಮೇಯುವುದನ್ನು ಬಿಟ್ಟು ನನ್ನನ್ನೇ ನೋಡಿತು. ಅದರ ಕಣ್ಣಿನಲ್ಲಿ ನನಗೆ ಹೆಚ್ಚು ಬೆಲೆಯೇನೂ ಕಾಣಲಿಲ್ಲ. ತಿರುಗಿ ನೋಡಿದರೆ ಕಿಟಕಿಯಲ್ಲಿ ಸರೋಜ ಕಾಲು ಮೇಲೆ ಹಾಕಿಕೊಂಡು ಕೂತಿದ್ದಳು. ಲೋಟದಿಂದ ಹಬೆ ಏಳುತ್ತಿತ್ತು. ಮದುವೆಯಾದ ಮೇಲೆ ಆ ಮುಖವನ್ನು ನಾನು ನೋಡಿರಲಿಲ್ಲ. ನೋಡಿದ್ದರೆ ಎರಡು ಸಾವಿರದ ರೂಮನ್ನು ಯಾವತ್ತೋ ಹಿಡಿಯುತ್ತಿದ್ದೆನೋ ಏನೋ.

ಈಗ ತಿಂಗಳಿಗೊಂದು ಸಲ ಅಲ್ಲಿಗೆ ಹೋಗುತ್ತೇವೆ. ಸಮುದ್ರಕ್ಕೆ ಅವಸರವೇನಿಲ್ಲ ಅನ್ನುತ್ತಾಳೆ. ಇಲ್ಲಿಯವರೆಗಿನ ಖರ್ಚನ್ನು ಹಂಚಿದರೆ ಅವಳ ಒಂದು ಲೋಟ ಕಾಫಿ ಮೂರು ಲಕ್ಷಕ್ಕೂ ಮೇಲೆ ಬೀಳುತ್ತದೆ. ಕುಡಿದಷ್ಟೂ ಬೆಲೆ ಇಳಿಯುತ್ತದೆ, ಅದೊಂದು ಸಮಾಧಾನ.

ಆದ್ದರಿಂದ ಗಾಲಿಮನೆ ಕೊಳ್ಳಬೇಕೆಂದು ಇರುವವರಿಗೆ ನನ್ನ ಬುದ್ಧಿಮಾತು ಇಷ್ಟು. ಬ್ಯಾಟರಿ ಎಲ್ಲಿದೆ ಎಂದು ನೋಡಿಕೊಂಡು ಹಾಲಿಡಿ. ಬಚ್ಚಲಿನ ಡಬ್ಬಿಯ ವಿಷಯವನ್ನು ದುಡ್ಡು ಕೊಡುವ ಮುಂಚೆ ಕೇಳಿ, ಕೊಟ್ಟ ಮೇಲೆ ಯಾರೂ ಹೇಳುವುದಿಲ್ಲ. ಹೊರಡುವ ದಿನವನ್ನು ನೆಂಟರಿಗೆ ತಿಳಿಸಬೇಡಿ, ತಿಳಿದರೆ ಆ ಊರನ್ನು ಬಳಸಿಕೊಂಡು ಹೋಗಿ, ಡೀಸೆಲ್ ಖರ್ಚಾದರೂ ಲಾಭವೇ. ಇನ್ನು ಮುಖ್ಯವಾದದ್ದು: ಗಾಡಿಯ ಜೊತೆಗೆ ಒಂದು ಮಡಚುವ ಕುರ್ಚಿ, ಒಂದು ಕೊಡೆ, ಒಂದು ಫ್ಲಾಸ್ಕು ತೆಗೆದುಕೊಳ್ಳಿ. ಮೂರೂ ಗಂಡಸಿಗೆ. ಕುರ್ಚಿಗೆ ಎಂಟುನೂರು ಹೇಳುತ್ತಾರೆ, ಐನೂರಕ್ಕೆ ಮೇಲೆ ಕೊಡಬೇಡಿ, ಆದರೆ ಗಟ್ಟಿಯಾದದ್ದನ್ನೇ ಆರಿಸಿ. ಒಳಗಿನಿಂದ ಕರೆ ಬರುವುದಕ್ಕೆ ಎಷ್ಟು ಹೊತ್ತಾಗುತ್ತದೋ ಹೇಳಲಾಗುವುದಿಲ್ಲ.