ಗೋಡೆ ಹತ್ತಿದ ಕೌದಿ

ಮುಂಬಯಿ, ಕಲ್ಕತ್ತಾ, ರಂಗೂನು ಎಲ್ಲ ಸುತ್ತಿ ಬಂದವಳು ನಾನು, ಓಣಿಯವರ ಪಾಲಿಗೆ 'ಬಾಯಿ'. ಆದರೆ ಬಸವಕಲ್ಯಾಣದಲ್ಲಿ ಹಳೆ ಬಟ್ಟೆಗೆ ಕೈ ಹಚ್ಚಿದ ಮೇಲೆ ಆದಷ್ಟು ಫಜೀತಿ ಎಲ್ಲೂ ಆಗಲಿಲ್ಲ, ದಿನಕ್ಕೊಂದು ತಪ್ಪುತ್ತಿರಲಿಲ್ಲ.

ಹಳೆಯ ಬಟ್ಟೆ, ಹೊಸ ಬಟ್ಟೆ ಕೂಡಿಸಿ ಗೋಡೆಗೆ ಹಾಕುವ ಚಿತ್ರ ಮಾಡುವುದು ನನ್ನ ಹುಚ್ಚು. ಹೊಲಿಗೆ ಮಾತ್ರ ಓಣಿಗೆಲ್ಲ ಹಳೆ ಬಟ್ಟೆಯ ಹೊದಿಕೆ ಕೌದಿ ಹೊಲಿದುಕೊಡುವ, ಎಲ್ಲರಿಗೂ ಚಿಕ್ಕಮ್ಮನಂಥ ಖಾಲಾ ಅವರದು. ನಿಜಾಮಶಾಹಿ ಹೋದಾಗ ಅವರ ಗಂಡನ ಕಚೇರಿ ಜವಾನಿಕೆಯೂ ಹೋಗಿತ್ತು. ಮನೆಯೆಲ್ಲ ಈಗ ಆಕೆಯ ಸೂಜಿಯ ಮೇಲೆ. ಹುಮನಾಬಾದಿನ ಬಟ್ಟೆ ಸಾವಕಾರರು ಹೊಸ ತುಂಡುಗಳನ್ನು ಕೊಟ್ಟು, "ಚಿತ್ರಾ ಮಾಡಿ ನನ್ನ ಅಂಗಡ್ಯಾಗ ತೂಗ ಹಾಕ್ರಿ. ಚಂದ ಕಂಡ್ರ ಖಾಲಾಗ ಇನ್ನಷ್ಟು ಕೆಲಸ ಕೊಡ್ತೀನಿ" ಅಂದಿದ್ದರು. ಹಳೆಯವನ್ನು ನಾವೇ ಹುಡುಕಬೇಕಿತ್ತು.

೧. ಮೇಲೆ-ಕೆಳಗೆ

ನೆರೆಮನೆಯ ಅತ್ತೆ ಇಳಕಲ್ ಸೀರೆಯ ಸೆರಗು ಕೊಟ್ಟಳು, ಸೊಸೆ ಹರಿದ ಕುಪ್ಪಸ. ಮರುದಿನ ಅತ್ತೆ ಬಂದು ನೋಡಿ, "ಯವ್ವಾ, ಆಕಿ ಕುಪ್ಪಸ ನನ್ನ ಸೆರಗಿನ ಮ್ಯಾಲ ಕುಂತೈತಲ್ಲ! ಯಾರ ಮನ್ಯಾಗ ನಡೀತೈತಿ ಇದು?" ಎಂದು ಸೊಂಟಕ್ಕೆ ಕೈ ಕೊಟ್ಟಳು. ಬಿಚ್ಚಿ ಕೆಳಗಿಳಿಸಿದೆವು. ಸಂಜೆ ಸೊಸೆಯ ಕಣ್ಣಲ್ಲಿ ನೀರು: "ಇಲ್ಲೂ ನಾನ ಕೆಳಗೇನ್ರಿ ಬಾಯಿ?"

ಇಡೀ ಚಿತ್ರವನ್ನೇ ಅಡ್ಡ ತಿರುಗಿಸಿದೆ. ಇಬ್ಬರೂ ಅಕ್ಕಪಕ್ಕ ಕುಳಿತರು. ಕಲ್ಕತ್ತಾದವರು ನೋಡಿದ್ದರೆ ಹೊಸ ಶೈಲಿ ಎಂದು ಹೊಗಳುತ್ತಿದ್ದರು.

೨. ಹಸಿವು

ಕಡೆಯ ಮೂಲೆ ಮುಚ್ಚುವ ಮೊದಲು ಖಾಲಾ ಒಳಗೊಂದು ರೊಟ್ಟಿ ಚೂರು ಇಟ್ಟರು. ಕೌದಿಯ ಹೊಟ್ಟೆ ಖಾಲಿ ಇರಬಾರದಂತೆ.

"ಖಾಲಾ, ಇದು ಹೊದಿಯೂದಲ್ಲ, ಗೋಡಿಗೆ ಹಾಕೂದು."

"ಮಲಗಿದಾವ್ರಿಗಿಂತ ದಿನಾ ನಿಂತಾವ್ರಿಗೆ ಹಸಿವು ಜಾಸ್ತಿರಿ ಬಾಯಿ" ಎನ್ನುತ್ತ ಇನ್ನೊಂದು ಚೂರು ಸೇರಿಸಿದರು.

೩. ಕೆಂಪು

ಎಲ್ಲ ಮುಗಿದ ಮೇಲೆ ಚಿತ್ರದ ನಡುವಿಗೆ ಕೆಂಪು ಬೇಕೆನಿಸಿತು. ಖಾಲಾ ಎಲ್ಲಿಂದಲೋ ದಪ್ಪ ಕೆಂಪು ಬಟ್ಟೆ ತಂದರು, ಕತ್ತರಿಸಿ ಕೂಡಿಸಿದೆವು. ಹುಮನಾಬಾದಿನ ಅಂಗಡಿಯಲ್ಲಿ ಚಿತ್ರ ತೂಗುಹಾಕಿದೆವು. ಸಾವಕಾರರು ಏನೂ ಹೇಳುವ ಮೊದಲೇ ಖಾಲಾರ ಗಂಡ ಮೋಟಾರು ಹಿಡಿದು ಬಂದಿಳಿದರು. ಚಿತ್ರದ ಮುಂದೆ ನೆಟ್ಟಗೆ ನಿಂತವರು ಅಲ್ಲಾಡಲೇ ಇಲ್ಲ. ಗಿರಾಕಿಗಳು ಸುತ್ತು ಹಾಕಿ ಹೋಗತೊಡಗಿದರು.

ಖಾಲಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಪಿಸುಗುಟ್ಟಿದರು: "ಅವರ ಕಚೇರಿ ಕೋಟ್ರಿ ಅದು. ಕೇಳಲಾರದ ಕತ್ತರಿಸೀನಿ. ಹೋತ್ರಿ ನನ್ನ ಕೆಲಸ!"

"ಯಾರ್ರಿ ನೀವು?" ಎಂದರು ಸಾವಕಾರರು.

ಮುದುಕರು ಕೆಂಪು ತುಂಡಿಗೆ ಬೆರಳು ಮಾಡಿದರು: "ಇಪ್ಪತ್ತು ವರ್ಷ ಇದರೊಳಗ ಇದ್ದಾಂವ್ರಿ."

ಸಾವಕಾರರು ಚಿತ್ರ ನೋಡಿದರು, ಅವರನ್ನು ನೋಡಿದರು. "ಈಗ ಹ್ಯಾಂಗ ಕಾಣತೈತಿ ಚಾಚಾ?"

"ನಾ ಒಳಗಿದ್ದಾಗಿಗಿಂತ ಚಂದ ಐತ್ರಿ."

ಸಾವಕಾರರು ಹೊಟ್ಟೆ ಹಿಡಿದು ನಕ್ಕರು. "ಖಾಲಾ, ಇಂಥವ ಇನ್ನೂ ನಾಕು ಮಾಡ್ರಿ!"

ಖಾಲಾರ ಮುಖ ಅರಳಿತು. ಚಾಚಾ ಎರಡೂ ಕೈಯಿಂದ ಪಾಯಜಾಮ ಗಟ್ಟಿಯಾಗಿ ಹಿಡಿದುಕೊಂಡರು:

"ನಾಕ್ರಿ? ನನ್ನ ಹತ್ರ ಉಳದಿದ್ದು ಇದೊಂದ ಐತಿ!"